ಟಾನ್ಸಿಲ್ ಶಸ್ತ್ರಚಿಕಿತ್ಸೆ ಮತ್ತು ಹೊಟ್ಟೆಯ ಆಮ್ಲ: ಅಕ್ಕನಿಗೆ ಆದದ್ದು ತಮ್ಮನಿಗೂ ಆದೀತೇ?

ಪ್ರಶ್ನೆ: ನಾವು ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನವರು. ನನ್ನ ಒಂಬತ್ತು ವರ್ಷದ ಮಗಳಿಗೆ ಮೇಲಿಂದ ಮೇಲೆ ಗಂಟಲು ಬಾತು ಜ್ವರ ಬರುತ್ತಿದ್ದುದರಿಂದ ಕಳೆದ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಟಾನ್ಸಿಲ್ ತೆಗೆಸಿದೆವು. ಮೊದಲ ದಿನ ಕಂದು ಬಣ್ಣದ ವಾಂತಿಯಾಯಿತು. ನಂತರ ನೋವಿನಿಂದ ನೀರನ್ನೂ ಸರಿಯಾಗಿ ಕುಡಿಯಲಿಲ್ಲ. ಏಳನೆಯ ರಾತ್ರಿ ಬಾಯಿಂದ ರಕ್ತ ಬಂದು ಮತ್ತೆ ದಾಖಲು ಮಾಡಬೇಕಾಯಿತು. ಒಂದು ರಾತ್ರಿ ಇಟ್ಟುಕೊಂಡು ನೋಡಿ ಮನೆಗೆ ಕಳಿಸಿದರು. ಅವಳಿಗೆ ಮೊದಲಿನಿಂದಲೂ ಹುಳಿತೇಗು ಬರುತ್ತದೆ. ಹೊಟ್ಟೆಯ ಆಸಿಡ್ ಮೇಲೇರಿ ಗಾಯವನ್ನು ಸುಟ್ಟಿದ್ದರಿಂದಲೇ ರಕ್ತ ಬಂತೆಂದು ಸಂಬಂಧಿಕರು ಹೇಳುತ್ತಾರೆ. ಈಗ ಮಗನಿಗೂ ಟಾನ್ಸಿಲ್ ಮತ್ತು ಅಡಿನಾಯ್ಡ್ (ಮೂಗಿನ ಹಿಂಭಾಗದ ಗಂಟು) ತೆಗೆಸಬೇಕೆಂದು ವೈದ್ಯರು ಹೇಳಿದ್ದಾರೆ. ಅವನಿಗೆ 2 ವರ್ಷ 10 ತಿಂಗಳು, ತೂಕ 12 ಕೆ.ಜಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾನೆ, ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಾನೆ. ಕೂಸಿದ್ದಾಗಿನಿಂದ ಉಂಡದ್ದನ್ನು ಕಕ್ಕುವ ಅಭ್ಯಾಸವಿದೆ, ಅದಕ್ಕೆ ಆಸಿಡ್ ತಗ್ಗಿಸುವ ಒಮೆಪ್ರಜೋಲ್ ಔಷಧಿಯನ್ನು ಆಗಾಗ ಕೊಡುತ್ತೇವೆ. ಆಸಿಡ್ ಪೂರ್ತಿ ವಾಸಿಯಾಗುವವರೆಗೆ ಆಪರೇಷನ್ ಮುಂದೂಡಬೇಕೇ? ಅಕ್ಕನಿಗೆ ಆದಂತೆ ಇವನಿಗೂ ಆದರೆ ಏನು ಮಾಡುವುದು?

ಉತ್ತರ: ನಿಮ್ಮ ಇಬ್ಬರು ಮಕ್ಕಳ ಶಸ್ತ್ರಚಿಕಿತ್ಸೆಯ ಹೆಸರು ಒಂದೇ ಆಗಿದ್ದರೂ ಅದರಲ್ಲಿ ಇಬ್ಬರಿಗೂ ಇರುವ ಅಪಾಯ ಒಂದೇ ರೀತಿಯದಲ್ಲ. ಮಗಳಿಗೆ ಏಳನೆಯ ರಾತ್ರಿ ಬಂದ ರಕ್ತಕ್ಕೆ ಹೊಟ್ಟೆಯ ಆಮ್ಲವನ್ನು ಹೊಣೆ ಮಾಡಲು ಗಟ್ಟಿಯಾದ ಆಧಾರವಿಲ್ಲ. ಮಗನ ವಿಷಯದಲ್ಲಾದರೆ ಆಮ್ಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು, ಏಕೆಂದರೆ ಅಲ್ಲಿ ಅದರ ಸಂಬಂಧವಿರುವುದು ಉಸಿರಿನ ಜೊತೆಗೆ. ಅಕ್ಕನಿಗೆ ಆದದ್ದನ್ನೇ ಮನಸ್ಸಿನಲ್ಲಿಟ್ಟುಕೊಂಡು ತಮ್ಮನ ಬಾಯಲ್ಲಿ ರಕ್ತ ಬರುತ್ತದೆಯೇ ಎಂದಷ್ಟೇ ಕಾಯುತ್ತ ಕುಳಿತರೆ, ಅವನಲ್ಲಿ ಮೊದಲ ರಾತ್ರಿಯೇ ಕಾಣಬಹುದಾದ ಬೇರೆ ತೊಂದರೆ ಕಣ್ತಪ್ಪಬಹುದು.

ಮೊದಲು ಮಗಳ ವಿಷಯ. ಟಾನ್ಸಿಲ್ ತೆಗೆದ ಜಾಗವನ್ನು ಸಾಮಾನ್ಯವಾಗಿ ಹೊಲಿಗೆ ಹಾಕಿ ಮುಚ್ಚುವುದಿಲ್ಲ. ಗಂಟಲಿನ ಎರಡೂ ಬದಿಗೆ ಒಂದೊಂದು ತೆರೆದ ಗಾಯ ಉಳಿಯುತ್ತದೆ, ಅದರ ಮೇಲೆ ಒಂದೆರಡು ದಿನಗಳಲ್ಲಿ ಬಿಳಿ ಅಥವಾ ತುಸು ಹಳದಿಯಾದ ಪೊರೆ ಕಟ್ಟುತ್ತದೆ. ನೋಡಿದವರಿಗೆ ಅದು ಕೀವಿನಂತೆ ಕಾಣುತ್ತದೆ, ಬಾಯಿ ವಾಸನೆಯೂ ಬರುತ್ತದೆ. ಆದರೆ ಅದು ಕೀವಲ್ಲ, ಬಾಯೊಳಗಿನ ಗಾಯ ಮಾಯುವ ರೀತಿಯೇ ಅದು. ಈ ಪೊರೆ ಐದನೆಯ ದಿನದಿಂದ ಹತ್ತನೆಯ ದಿನದೊಳಗೆ ತುಂಡುತುಂಡಾಗಿ ಕಳಚುತ್ತದೆ. ಹಾಗೆ ಕಳಚುವಾಗ ಕೆಳಗಿನ ಎಳೆಯ ರಕ್ತನಾಳಗಳಲ್ಲಿ ಯಾವುದಾದರೊಂದು ತೆರೆದುಕೊಂಡರೆ ರಕ್ತ ಬರುತ್ತದೆ. ನಿಮ್ಮ ಮಗಳಿಗೆ ಏಳನೆಯ ರಾತ್ರಿ ಆದದ್ದು ಈ ಅವಧಿಗೆ ಸರಿಯಾಗಿ ಹೊಂದುತ್ತದೆ. ಮೊದಲ 24 ಗಂಟೆಯೊಳಗೆ ಬರುವ ರಕ್ತವನ್ನು ನಾವು ಬೇರೆ ಗುಂಪಿಗೆ ಸೇರಿಸುತ್ತೇವೆ, ಅದು ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಜಾಗದ ರಕ್ತನಾಳಕ್ಕೆ ಸಂಬಂಧಿಸಿದ್ದು. ದಿನಗಳ ನಂತರ ಬರುವ ರಕ್ತ ನೂರು ಮಕ್ಕಳಲ್ಲಿ ಸುಮಾರು ಎರಡರಿಂದ ಐದು ಮಕ್ಕಳಲ್ಲಿ ಕಾಣುತ್ತದೆ. ತೀರ ಚಿಕ್ಕವರಿಗಿಂತ ದೊಡ್ಡ ಮಕ್ಕಳಲ್ಲಿ, ಅದರಲ್ಲೂ ಮೇಲಿಂದ ಮೇಲೆ ಸೋಂಕಾಗಿ ಟಾನ್ಸಿಲ್ ತೆಗೆಸಿಕೊಂಡವರಲ್ಲಿ ಇದು ಹೆಚ್ಚು. ನಿಮ್ಮ ಮಗಳು ಎರಡೂ ಲೆಕ್ಕದಲ್ಲಿ ಆ ಗುಂಪಿಗೆ ಸೇರಿದವಳು.

ಹಾಗಾದರೆ ಹುಳಿತೇಗಿನ ಪಾತ್ರವೇನೂ ಇಲ್ಲವೇ? ಜಠರದ ರಸ ಬಹಳ ತೀಕ್ಷ್ಣವಾದದ್ದು, ತೆರೆದ ಗಾಯಕ್ಕೆ ತಾಗಿದರೆ ಉರಿಯುತ್ತದೆ, ಉರಿದರೆ ಮಗು ನುಂಗಲು ಹೆದರುತ್ತದೆ. ಅಷ್ಟರ ಮಟ್ಟಿಗೆ ಒಪ್ಪಬಹುದು. ನುಂಗದ ಮಗುವಿನ ಗಂಟಲು ಒಣಗುತ್ತದೆ, ಪೊರೆ ಗಟ್ಟಿಯಾಗುತ್ತದೆ, ನೋವು ಇನ್ನೂ ಹೆಚ್ಚುತ್ತದೆ, ಮಗು ಇನ್ನೂ ಕಡಿಮೆ ಕುಡಿಯುತ್ತದೆ. ಆದರೆ ಆಮ್ಲ ಗಾಯವನ್ನು ಸುಟ್ಟು ರಕ್ತನಾಳವನ್ನು ತೆರೆಯಿತು ಎನ್ನುವುದಾಗಲಿ, ಆಮ್ಲ ತಗ್ಗಿಸುವ ಔಷಧಿ ಕೊಟ್ಟಿದ್ದರೆ ಆ ರಕ್ತ ಬರುತ್ತಲೇ ಇರಲಿಲ್ಲ ಎನ್ನುವುದಾಗಲಿ ಊಹೆಯ ಮಾತು. ಮೊದಲ ದಿನದ ಕಂದು ವಾಂತಿಗೂ ಆಮ್ಲದ ಕಾಯಿಲೆಗೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಹೊಟ್ಟೆಗೆ ಇಳಿದ ಸ್ವಲ್ಪ ರಕ್ತ ಅಲ್ಲಿಯ ಆಮ್ಲದೊಂದಿಗೆ ಬೆರೆತು ಕಾಫಿ ಪುಡಿಯ ಬಣ್ಣಕ್ಕೆ ತಿರುಗುತ್ತದೆ, ಅದು ಹೊಟ್ಟೆಯನ್ನು ಕೆರಳಿಸಿ ಒಂದೆರಡು ಸಲ ವಾಂತಿಯಾಗಿ ಹೊರಬರುತ್ತದೆ. ಕಂದು ವಾಂತಿ ಒಂದೆರಡು ಸಲಕ್ಕೆ ನಿಂತರೆ ಚಿಂತೆಯಿಲ್ಲ. ಕೆಂಪು ವಾಂತಿಯಾದರೆ, ಅಥವಾ ಕಂದು ವಾಂತಿ ನಿಲ್ಲದೆ ಮುಂದುವರಿದರೆ, ಅದು ಆಗಲೇ ವೈದ್ಯರ ಗಮನಕ್ಕೆ ಬರಬೇಕಾದ ವಿಷಯ.

ಮಗಳ ರಕ್ತಸ್ರಾವದಿಂದ ಮಗನ ವಿಷಯಕ್ಕೆ ತೆಗೆದುಕೊಳ್ಳಬೇಕಾದ ಒಂದು ಎಚ್ಚರಿಕೆ ಇದೆ. ಅದು ರಕ್ತ ಹೆಪ್ಪುಗಟ್ಟುವಿಕೆಗೆ ಸಂಬಂಧಿಸಿದ್ದು. ಏಳನೆಯ ದಿನ ಒಮ್ಮೆ ಬಂದು ತಾನಾಗಿ ನಿಂತ ರಕ್ತ ಹೆಚ್ಚಿನ ಮಕ್ಕಳಲ್ಲಿ ಯಾವ ಒಳರೋಗದ ಲಕ್ಷಣವೂ ಅಲ್ಲ. ಆದರೂ ಒಡಹುಟ್ಟಿದವರಲ್ಲಿ ಒಬ್ಬರಿಗೆ ಹೀಗಾಗಿದೆ ಎಂದಾಗ ಇನ್ನೊಬ್ಬರ ಶಸ್ತ್ರಚಿಕಿತ್ಸೆಗೆ ಮುನ್ನ ಮನೆತನದ ಇತಿಹಾಸವನ್ನು ಕೇಳುವುದು ವೈದ್ಯರ ಕರ್ತವ್ಯ, ಅವರು ಕೇಳದಿದ್ದರೆ ನೀವೇ ಹೇಳಿ. ಮಕ್ಕಳಿಗೆ ಮೂಗಿನಿಂದ ಮೇಲಿಂದ ಮೇಲೆ ರಕ್ತ ಬರುತ್ತದೆಯೇ, ಸಣ್ಣ ಪೆಟ್ಟಿಗೂ ದೊಡ್ಡದಾಗಿ ನೀಲಿಗಟ್ಟುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಹಲ್ಲು ಕೀಳಿಸಿದಾಗ ಬಹಳ ಹೊತ್ತು ರಕ್ತ ನಿಲ್ಲದೆ ಹೋಗಿತ್ತೇ, ನಿಮಗೆ ಮುಟ್ಟಿನಲ್ಲಿ ಅತಿಯಾದ ಸ್ರಾವವಿದೆಯೇ, ಹೆರಿಗೆಯ ನಂತರ ರಕ್ತ ಕೊಡಬೇಕಾಗಿತ್ತೇ ಎಂಬುದನ್ನು ನೆನಪು ಮಾಡಿಕೊಂಡು ಬರೆದಿಟ್ಟುಕೊಳ್ಳಿ. ನಮ್ಮ ಭಾಗದಲ್ಲಿ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗುವ ರೂಢಿ ಇನ್ನೂ ಇದೆ. ಅಂಥ ಮದುವೆಗಳ ಮನೆತನದಲ್ಲಿ ಹುಟ್ಟಿನಿಂದ ಬರುವ ಕೆಲವು ಅಪರೂಪದ ಹೆಪ್ಪುಗಟ್ಟುವಿಕೆಯ ದೋಷಗಳು ಕಾಣಿಸುವ ಸಾಧ್ಯತೆ ತುಸು ಹೆಚ್ಚು, ಹಾಗಾಗಿ ಆ ಮಾಹಿತಿಯನ್ನೂ ಸಂಕೋಚವಿಲ್ಲದೆ ತಿಳಿಸಿ. ಈ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಸಾಮಾನ್ಯ ರಕ್ತಪರೀಕ್ಷೆಗಿಂತ ಹೆಚ್ಚಿನ ಪರೀಕ್ಷೆ ಬೇಕಾದೀತು.

ಈಗ ಮಗನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಜವಾದ ಯೋಚನೆ ಬೇಕಾಗಿರುವುದು ಇಲ್ಲಿ. ಅವನಿಗೆ ಟಾನ್ಸಿಲ್ ತೆಗೆಯುತ್ತಿರುವುದು ಸೋಂಕಿಗಾಗಿ ಅಲ್ಲ, ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತಿದೆ ಎಂಬ ಕಾರಣಕ್ಕೆ. ಸೋಂಕಿನ ಲೆಕ್ಕಕ್ಕೆ ವೈದ್ಯಕೀಯದಲ್ಲಿ ಒಂದು ಅಳತೆಯಿದೆ: ಒಂದೇ ವರ್ಷದಲ್ಲಿ ಏಳು ಸಲ, ಇಲ್ಲವೇ ಎರಡು ವರ್ಷ ವರ್ಷಕ್ಕೆ ಐದು ಸಲ, ಇಲ್ಲವೇ ಮೂರು ವರ್ಷ ವರ್ಷಕ್ಕೆ ಮೂರು ಸಲ. ಉಸಿರಿನ ಅಡಚಣೆಗೆ ಈ ಎಣಿಕೆ ಅನ್ವಯಿಸುವುದಿಲ್ಲ. ಅಲ್ಲಿ ನೋಡುವುದು ಗೊರಕೆಯ ನಡುವೆ ಉಸಿರು ನಿಲ್ಲುವುದು, ಎದೆ ಒಳಗೆ ಸೆಳೆಯುವುದು, ತಲೆಯನ್ನು ಹಿಂದಕ್ಕೆ ಚಾಚಿ ಮಲಗುವುದು, ನಿದ್ದೆಯಲ್ಲಿ ಬೆವರುವುದು, ತೂಕ ಹೆಚ್ಚದೆ ಇರುವುದು ಇಂಥವನ್ನು. ನೀವು ಮಾಡಬಹುದಾದ ಒಂದು ಸುಲಭ ಕೆಲಸವೆಂದರೆ, ಅವನು ಗಾಢವಾಗಿ ಮಲಗಿದಾಗ ಅಂಗಿಯನ್ನು ಮೇಲೆತ್ತಿ ಎದೆ, ಹೊಟ್ಟೆ, ಮುಖ ಮೂರೂ ಕಾಣುವಂತೆ ಕೆಲವು ನಿಮಿಷ ಮೊಬೈಲಿನಲ್ಲಿ ವೀಡಿಯೊ ತೆಗೆದು ವೈದ್ಯರಿಗೆ ತೋರಿಸುವುದು. ಹೊರರೋಗಿ ವಿಭಾಗದಲ್ಲಿ ಎಚ್ಚರವಾಗಿ ಆಡುತ್ತಿರುವ ಮಗುವನ್ನು ಅರ್ಧ ಗಂಟೆ ನೋಡಿದರೂ ತಿಳಿಯದ ಸಂಗತಿ ಅಂಥ ವೀಡಿಯೊದಲ್ಲಿ ತಿಳಿಯುತ್ತದೆ.

ಉಸಿರಿನ ಈ ಅಡಚಣೆಗೂ ಆಮ್ಲ ಮೇಲೇರುವುದಕ್ಕೂ ಎರಡು ದಿಕ್ಕಿನ ಸಂಬಂಧವಿದೆ. ಮುಚ್ಚಿದ ದಾರಿಯ ವಿರುದ್ಧ ಮಗು ಬಲವಾಗಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಕುಸಿದು ಹೊಟ್ಟೆಯಲ್ಲಿರುವುದು ಅನ್ನನಾಳದತ್ತ ಎಳೆಯಲ್ಪಡುತ್ತದೆ. ಹಾಗೆ ಮೇಲೆ ಬಂದ ರಸ ಗಂಟಲನ್ನೂ ಧ್ವನಿಪೆಟ್ಟಿಗೆಯ ಸುತ್ತಲಿನ ಭಾಗವನ್ನೂ ಕೆರಳಿಸಿದರೆ ಬಾವು ಬಂದು ಉಸಿರಿನ ದಾರಿ ಇನ್ನಷ್ಟು ಇಕ್ಕಟ್ಟಾಗಬಹುದು. ಹಾಗಾಗಿ ನಿಮ್ಮ ಮಗನ ಆಮ್ಲದ ತೊಂದರೆಯ ಒಂದು ಪಾಲು ಟಾನ್ಸಿಲ್ ಮತ್ತು ಅಡಿನಾಯ್ಡಿನಿಂದಲೇ ಆಗುತ್ತಿರುವ ಸಾಧ್ಯತೆಯಿದೆ. ಇನ್ನೊಂದು ಮಾತನ್ನೂ ಗಮನಿಸಿ: ದೊಡ್ಡ ಟಾನ್ಸಿಲ್ ಇರುವ ಮಕ್ಕಳು ರೊಟ್ಟಿಯಂಥ ಗಟ್ಟಿ ತುತ್ತು ಗಂಟಲಿಗೆ ತಾಗಿದೊಡನೆ ಓಕರಿಸಿ ಹೊರಹಾಕುತ್ತಾರೆ. ಉಣ್ಣುತ್ತಿರುವಾಗಲೇ ತುತ್ತು ಹೊರಬಂದರೆ ಅದು ಗಂಟಲಿನ ಅಡಚಣೆ. ಉಂಡು ಸ್ವಲ್ಪ ಹೊತ್ತಿನ ಮೇಲೆ ಅಥವಾ ಮಲಗಿದಾಗ ಹುಳಿ ವಾಸನೆಯೊಂದಿಗೆ ಬಂದರೆ ಅದು ಹೊಟ್ಟೆಯಿಂದ ಮೇಲೇರಿದ್ದು. ಇವೆರಡನ್ನೂ ಒಟ್ಟಿಗೆ ‘ಆಸಿಡ್’ ಎಂದು ಕರೆದು ಒಂದೇ ಸಿರಪ್ ಕೊಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಇದರಿಂದ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆಮ್ಲ ಪೂರ್ತಿ ವಾಸಿಯಾಗಲೆಂದು ಶಸ್ತ್ರಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದೂಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ, ಏಕೆಂದರೆ ಅಡಚಣೆ ಇರುವವರೆಗೆ ಆಮ್ಲವೂ ಹತೋಟಿಗೆ ಬರಲಿಕ್ಕಿಲ್ಲ. ಆದರೆ ದಿನಾಂಕಕ್ಕೆ ಮುಂಚೆ ಮಕ್ಕಳ ತಜ್ಞರಿಗೆ ಒಮ್ಮೆ ತೋರಿಸಲೇಬೇಕು. ಕೂಸುಗಳು ಹಾಲು ಕಕ್ಕುವುದು ಸಹಜ, ಹೆಚ್ಚಿನವರಲ್ಲಿ ಅದು ಒಂದರಿಂದ ಒಂದೂವರೆ ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ಮೂರು ವರ್ಷಕ್ಕೆ ಹತ್ತಿರವಾದರೂ ಮುಂದುವರಿದಿದ್ದರೆ ಕಾರಣ ಹುಡುಕಬೇಕು. ವಾಂತಿ ಹಸಿರು ಬಣ್ಣದ್ದಾಗಿದ್ದರೆ, ಅದರಲ್ಲಿ ರಕ್ತವಿದ್ದರೆ, ತೂಕ ಇಳಿಯುತ್ತಿದ್ದರೆ, ನುಂಗುವಾಗ ಅಳುತ್ತಿದ್ದರೆ, ಅಥವಾ ಮೇಲಿಂದ ಮೇಲೆ ನ್ಯುಮೋನಿಯಾ ಆಗಿದ್ದರೆ ಮೊದಲು ಅದರ ತಪಾಸಣೆ, ನಂತರ ಟಾನ್ಸಿಲ್.

‘ಆಗಾಗ’ ಒಮೆಪ್ರಜೋಲ್ ಕೊಡುತ್ತೇವೆ ಎಂದು ಬರೆದಿದ್ದೀರಿ. ಈ ಔಷಧಿ ಹಾಗೆ ಕೆಲಸ ಮಾಡುವುದಿಲ್ಲ. ಅದನ್ನು ದಿನಾಲೂ, ಬೆಳಿಗ್ಗೆ ಉಪಾಹಾರಕ್ಕೆ ಅರ್ಧ ಗಂಟೆ ಮೊದಲು, ವೈದ್ಯರು ಹೇಳಿದಷ್ಟು ವಾರ ಕೊಟ್ಟರೆ ಮಾತ್ರ ಅದರ ಪ್ರಯೋಜನ ತಿಳಿಯುತ್ತದೆ. ಎದೆಯುರಿಯಂಥ ಸ್ಪಷ್ಟ ಲಕ್ಷಣಗಳಿದ್ದಾಗ ನಾಲ್ಕರಿಂದ ಎಂಟು ವಾರ ಕೊಟ್ಟು ನೋಡಿ, ನಂತರ ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂದು ತೀರ್ಮಾನಿಸುವುದು ರೂಢಿ. ಕ್ಯಾಪ್ಸೂಲಿನೊಳಗಿನ ಸಣ್ಣ ಕಾಳುಗಳನ್ನು ಪುಡಿ ಮಾಡಿದರೆ ಹೊಟ್ಟೆಯ ಆಮ್ಲದಲ್ಲೇ ಅವು ಹಾಳಾಗುತ್ತವೆ, ಆದ್ದರಿಂದ ಅರೆಯಬಾರದು. ಕೇವಲ ಕೆಮ್ಮು, ಗೊರಕೆ, ಗಂಟಲು ಕೆಂಪಗಿರುವುದು ಇವಿಷ್ಟನ್ನೇ ನೋಡಿ ತಿಂಗಳುಗಟ್ಟಲೆ ಈ ಔಷಧಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಆಮ್ಲ ನಮ್ಮ ಹೊಟ್ಟೆಗೆ ಕಾವಲೂ ಹೌದು, ಅದನ್ನು ಬಹುಕಾಲ ತಗ್ಗಿಸಿದ ಮಕ್ಕಳಲ್ಲಿ ಭೇದಿ ಮತ್ತು ಶ್ವಾಸಕೋಶದ ಸೋಂಕು ತುಸು ಹೆಚ್ಚು.

ಅರಿವಳಿಕೆ ತಜ್ಞರಿಗೆ ನೀವು ತಪ್ಪದೆ ಹೇಳಬೇಕಾದದ್ದು ಈ ಆಮ್ಲದ ವಿಷಯವನ್ನೇ. ರಕ್ತಕ್ಕೆ ಆಮ್ಲವನ್ನು ದೂರುವವರು ಬಹಳ ಜನ, ಆದರೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅರಿವಳಿಕೆ ತಜ್ಞರು ‘ಬೇರೆ ಏನಾದರೂ ತೊಂದರೆ ಇದೆಯೇ’ ಎಂದು ಕೇಳಿದಾಗ ‘ಇಲ್ಲರಿ’ ಎಂದು ತಲೆಯಾಡಿಸುವವರೂ ಅವರೇ. ಪ್ರಜ್ಞೆ ತಪ್ಪಿಸಿದಾಗ ಕೆಮ್ಮಿ ಹೊರಹಾಕುವ ಶಕ್ತಿ ಮಗುವಿಗೆ ಇರುವುದಿಲ್ಲ. ಆಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಗಂಭೀರ ತೊಂದರೆಯಾಗುತ್ತದೆ. ಆಮ್ಲದಿಂದ ಕೆರಳಿದ ಧ್ವನಿಪೆಟ್ಟಿಗೆ ಅರಿವಳಿಕೆಯಿಂದ ಎಚ್ಚರವಾಗುವ ಹೊತ್ತಿಗೆ ಸೆಟೆದು ಮುಚ್ಚಿಕೊಳ್ಳುವ ಸಾಧ್ಯತೆಯೂ ಇರುತ್ತದೆ. ಮೊದಲೇ ತಿಳಿದಿದ್ದರೆ ಅರಿವಳಿಕೆ ಕೊಡುವ ಕ್ರಮವನ್ನೂ, ಉಸಿರಿನ ಕೊಳವೆ ತೆಗೆಯುವ ಸಮಯವನ್ನೂ, ಕೊನೆಯಲ್ಲಿ ಹೊಟ್ಟೆಯನ್ನು ಖಾಲಿ ಮಾಡುವುದನ್ನೂ ಅವರು ಅದಕ್ಕೆ ತಕ್ಕಂತೆ ಯೋಜಿಸುತ್ತಾರೆ. ದಿನಾಲೂ ತೆಗೆದುಕೊಳ್ಳುವ ಆಮ್ಲದ ಔಷಧಿಯನ್ನು ಆ ದಿನ ಬೆಳಿಗ್ಗೆ ಕೊಡಬೇಕೇ ಬೇಡವೇ ಎಂಬುದನ್ನೂ ಅವರನ್ನೇ ಕೇಳಿ.

ಉಪವಾಸದ ನಿಯಮ ಸಾಮಾನ್ಯವಾಗಿ ಹೀಗಿದೆ: ಊಟ ಮತ್ತು ಹಸುವಿನ ಅಥವಾ ಎಮ್ಮೆಯ ಹಾಲಿಗೆ 6 ಗಂಟೆ, ತಾಯಿಯ ಹಾಲಿಗೆ 4 ಗಂಟೆ, ನೀರಿಗೆ 2 ಗಂಟೆ. ಆಮ್ಲವಿರುವ ಮಗುವಿಗೆ ನಿಮ್ಮ ಆಸ್ಪತ್ರೆ ಬೇರೆ ಸಮಯ ಹೇಳಿದರೆ ಅದನ್ನೇ ಪಾಲಿಸಿ, ಆದರೆ ಭಯದಿಂದ ನೀವಾಗಿ ಹಿಂದಿನ ರಾತ್ರಿಯಿಂದ ನೀರನ್ನೂ ನಿಲ್ಲಿಸಬೇಡಿ. ಇನ್ನು, ಮಗು ಅತ್ತಿತೆಂದು ಅಜ್ಜಿ ಕದ್ದು ಕೊಡುವ ಒಂದು ಬಿಸ್ಕೀಟು. ಅದು ಪ್ರೀತಿಯ ಕೆಲಸವೇ ಸರಿ, ಆದರೆ ಕೊಟ್ಟಿದ್ದರೆ ಮುಚ್ಚಿಡದೆ ಹೇಳಲಿ, ಶಸ್ತ್ರಚಿಕಿತ್ಸೆ ಕೆಲವು ಗಂಟೆ ತಡವಾದೀತು, ಅಷ್ಟೆ.

ಮೂರು ವರ್ಷದೊಳಗಿನ ಮಕ್ಕಳು, ನಿದ್ದೆಯಲ್ಲಿ ತೀವ್ರ ಅಡಚಣೆ ಇರುವವರು, ಆಮ್ಲ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಶಸ್ತ್ರಚಿಕಿತ್ಸೆಯ ನಂತರ ಉಸಿರಾಟದ ಸಮಸ್ಯೆಗೆ ಹೆಚ್ಚು ಗುರಿಯಾಗುತ್ತಾರೆ. ಗಂಟಲಿನ ಬಾವು, ಅರಿವಳಿಕೆಯ ಮಂಪರು, ನೋವಿನ ಔಷಧಿ ಮೂರೂ ಕೂಡಿ ಮೊದಲ ರಾತ್ರಿ ರಕ್ತದಲ್ಲಿಯ ಆಮ್ಲಜನಕ ಇಳಿಯಬಹುದು. ಆದ್ದರಿಂದ ಬೆಳಿಗ್ಗೆ ಮಾಡಿ ಸಂಜೆ ಮನೆಗೆ ಕಳಿಸುವ ಏರ್ಪಾಡು ನಿಮ್ಮ ಮಗನಿಗೆ ಬೇಡ. ಕನಿಷ್ಠ ಒಂದು ರಾತ್ರಿ, ಬೆರಳಿಗೆ ಆಮ್ಲಜನಕದ ಮಾಪಕ ಹಚ್ಚಿ, ಮಕ್ಕಳನ್ನು ನೋಡಿಕೊಳ್ಳಬಲ್ಲ ಸಿಬ್ಬಂದಿ ಇರುವ ಕಡೆ ಇಡಬೇಕು. ಅಗತ್ಯ ಬಿದ್ದರೆ ಮಕ್ಕಳ ತೀವ್ರ ನಿಗಾ ಘಟಕ ಅಲ್ಲಿಯೇ ಇರಬೇಕು. ದಿನಾಂಕ ನಿಗದಿಪಡಿಸುವಾಗಲೇ ಇದನ್ನು ಕೇಳಿ. ಆ ಸೌಲಭ್ಯ ಇಲ್ಲದಿದ್ದರೆ ಇರುವ ಕಡೆಗೆ ಕಳಿಸಿಕೊಡಿರೆಂದು ಕೇಳುವುದರಲ್ಲಿ ತಪ್ಪೇನಿಲ್ಲ, ಒಳ್ಳೆಯ ವೈದ್ಯರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ವಾಂತಿ ಕಡಿಮೆಯಾಗಲೆಂದು ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ಡೆಕ್ಸಾಮೆಥಸೋನ್ ಎಂಬ ಔಷಧಿಯನ್ನು ಒಮ್ಮೆ ರಕ್ತನಾಳದ ಮೂಲಕ ಕೊಡುವುದು ಉತ್ತಮ ಪದ್ಧತಿ, ಆಮ್ಲವಿರುವ ಮಗುವಿಗಂತೂ ಅದು ಬಹಳ ಉಪಯುಕ್ತ.

ಮನೆಗೆ ಬಂದ ಮೇಲೆ ನಿಮ್ಮ ಕೈಯಲ್ಲಿರುವುದು ಎರಡು ಕೆಲಸ: ನೋವನ್ನು ಹತೋಟಿಯಲ್ಲಿಡುವುದು ಮತ್ತು ಕುಡಿಸುವುದು. ಮಗಳಿಗೆ ನೋವಿನ ಔಷಧಿಯನ್ನು ಅತ್ತಾಗ ಮಾತ್ರ ಕೊಟ್ಟಿರಬಹುದೆಂದು ನನ್ನ ಊಹೆ, ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹಾಗೆಯೇ. ಮಗನಿಗೆ ಮೊದಲ ನಾಲ್ಕೈದು ದಿನವಾದರೂ ಗಡಿಯಾರ ನೋಡಿಯೇ ಕೊಡಿ, ರಾತ್ರಿಯೂ ಒಮ್ಮೆ ಎಬ್ಬಿಸಿ ಕೊಡಿ. ಪ್ಯಾರಾಸಿಟಮಾಲ್ ಪ್ರಮಾಣ ಒಂದು ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 12 ಕೆ.ಜಿ.ಗೆ ಅದು 180 ಮಿ.ಗ್ರಾಂ. ಸಿರಪ್ಪಿನ ಬಾಟಲಿಯ ಮೇಲೆ 5 ಮಿ.ಲೀ.ನಲ್ಲಿ 120 ಮಿ.ಗ್ರಾಂ ಎಂದಿದ್ದರೆ ಒಂದು ಸಲಕ್ಕೆ 7.5 ಮಿ.ಲೀ., 240 ಎಂದಿದ್ದರೆ ಅದರ ಅರ್ಧದಷ್ಟು ಮಾತ್ರ. ಎರಡೂ ಬಗೆಯ ಬಾಟಲಿಗಳು ಅಂಗಡಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ, ಚಮಚೆಯಲ್ಲಿ ಅಳೆಯದೆ ಅಳತೆಯ ಮುಚ್ಚಳ ಅಥವಾ ಸಿರಿಂಜ್ ಬಳಸಿ. ಐಬುಪ್ರೊಫೆನ್ ಕೊಡಬಹುದು, ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ ಎಂಬ ಹಳೆಯ ಭಯಕ್ಕೆ ಇತ್ತೀಚಿನ ಮಾರ್ಗಸೂಚಿಗಳಲ್ಲಿ ಮನ್ನಣೆಯಿಲ್ಲ. ಆದರೆ ಆಮ್ಲವಿರುವ ಮಗುವಿಗೆ ಅದನ್ನು ಖಾಲಿ ಹೊಟ್ಟೆಯಲ್ಲಿ ಕೊಡಬಾರದು, ಮತ್ತು ಮಗು ಸರಿಯಾಗಿ ಕುಡಿಯದೆ ಒಣಗಿದ್ದರೆ ಮೂತ್ರಪಿಂಡಕ್ಕೆ ತೊಂದರೆಯಾಗಬಹುದಾದ್ದರಿಂದ ಆಗ ಕೊಡಲೇಬಾರದು. ಎರಡನ್ನೂ ಬೆರೆಸಿದ ಸಿರಪ್‌ಗಳೂ ಇವೆ, ಅಂಥದ್ದನ್ನು ಕೊಡುತ್ತ ಪ್ರತ್ಯೇಕವಾಗಿ ಪ್ಯಾರಾಸಿಟಮಾಲನ್ನೂ ಕೊಟ್ಟರೆ ಪ್ರಮಾಣ ಮೀರುತ್ತದೆ.

ಕೊಡಬಾರದ ಔಷಧಿಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕೊಡೀನ್ ಇರುವ ಕೆಮ್ಮಿನ ಅಥವಾ ನೋವಿನ ಔಷಧಿ ಟಾನ್ಸಿಲ್ ತೆಗೆಸಿದ ಮಗುವಿಗೆ ಖಂಡಿತ ಬೇಡ. ಕೆಲವು ಮಕ್ಕಳ ದೇಹ ಅದನ್ನು ಬಹುಬೇಗ ಮಾರ್ಫಿನ್ ಆಗಿ ಬದಲಿಸುವುದರಿಂದ ನಿದ್ದೆಯಲ್ಲಿ ಉಸಿರು ನಿಂತ ಪ್ರಸಂಗಗಳು ವರದಿಯಾಗಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಈ ಬಳಕೆಯ ವಿರುದ್ಧ ಎಚ್ಚರಿಕೆ ನೀಡಿತು, 2017ರಲ್ಲಿ ಟ್ರಮಡಾಲಿಗೂ ಅಂಥದೇ ನಿರ್ಬಂಧ ಹಾಕಿತು. ಆಸ್ಪಿರಿನ್ ಬೇಡ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ, ಹಳೆಯ ಬಾಟಲಿ ಮನೆಯಲ್ಲಿದ್ದರೆ ಎಸೆಯಿರಿ. ಮಗು ನಿದ್ದೆ ಮಾಡಲೆಂದು ಮಂಪರು ಬರಿಸುವ ನೆಗಡಿ ಸಿರಪ್ ಕೊಡಬೇಡಿ. ವಾಂತಿಗೆ ವೈದ್ಯರು ಒಂಡಾನ್ಸೆಟ್ರಾನ್ ಬರೆದಿದ್ದರೆ ಅದರ ಜೊತೆ ಮನೆಯಲ್ಲಿದ್ದ ಡೊಂಪೆರಿಡೋನನ್ನು ಸೇರಿಸಬೇಡಿ. ಎರಡೂ ಹೃದಯದ ಬಡಿತದ ಲಯವನ್ನು ಬಾಧಿಸಬಲ್ಲವು.

ಕುಡಿಸುವ ಲೆಕ್ಕ ಹೇಳುತ್ತೇನೆ. 12 ಕೆ.ಜಿ.ಯ ಮಗುವಿಗೆ ದಿನಕ್ಕೆ ನೀರು, ಹಾಲು, ಗಂಜಿ ಎಲ್ಲ ಸೇರಿ ಸುಮಾರು 1100 ಮಿ.ಲೀ. ದ್ರವ ಬೇಕು. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿಗೆ ಇನ್ನೂ ಹೆಚ್ಚು. ಒಂದೇ ಸಲ ದೊಡ್ಡ ಲೋಟ ತುಂಬಿ ಕುಡಿಸಿದರೆ ಆಮ್ಲವಿರುವ ಮಗು ಅಷ್ಟನ್ನೂ ಕಕ್ಕುತ್ತದೆ, ಕಕ್ಕಿದ್ದು ಗಾಯಕ್ಕೆ ತಾಗಿ ಉರಿಯುತ್ತದೆ, ಮತ್ತೆ ಲೋಟ ಕಂಡರೆ ಬಾಯಿ ಮುಚ್ಚುತ್ತದೆ. ನೋವಿನ ಔಷಧಿ ಕೊಟ್ಟ ಅರ್ಧ ಗಂಟೆಯ ಮೇಲೆ, ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಚಮಚೆಯಂತೆ, ದಿನವಿಡೀ ಕುಡಿಸುತ್ತ ಹೋಗಿ. ಗಡಿಗೆಯ ತಣ್ಣೀರು, ಎಳನೀರು, ಹುಳಿಯಿಲ್ಲದ ತಿಳಿ ಮಜ್ಜಿಗೆ, ರಾಗಿ ಅಂಬಲಿ, ಓಆರ್‌ಎಸ್ ಯಾವುದಾದರೂ ಆದೀತು. ಹಾಲು ಕುಡಿದರೆ ಕೀವಾಗುತ್ತದೆ ಎಂಬುದು ಸುಳ್ಳು. ಲಿಂಬೆ ಶರಬತ್ತು, ಹುಣಸೆ, ಟೊಮೆಟೊ ಸಾರು ಗಾಯಕ್ಕೂ ಉರಿ, ಹೊಟ್ಟೆಗೂ ಒಳ್ಳೆಯದಲ್ಲ. ಚಿಕ್ಕ ಮಕ್ಕಳಿಗೂ ಬಟ್ಟಲಲ್ಲಿ ಚಹಾ ಕೊಡುವ ರೂಢಿ ನಮ್ಮ ಮನೆಗಳಲ್ಲಿದೆ, ಆಮ್ಲವಿರುವ ಮಗುವಿಗೆ ಅದನ್ನು ಈ ನೆಪದಲ್ಲಾದರೂ ಬಿಡಿಸಿರಿ. ದಾಳಿಂಬೆ, ಬೀಟ್‌ರೂಟ್, ಕೆಂಪು ಬಣ್ಣದ ಪಾನಕಗಳನ್ನು ಎರಡು ವಾರ ದೂರವಿಡಿ. ಅವುಗಳಿಂದ ಗಾಯಕ್ಕೇನೂ ಹಾನಿಯಿಲ್ಲ, ವಾಂತಿಯಾದಾಗ ರಕ್ತವೋ ಬಣ್ಣವೋ ತಿಳಿಯದೆ ಗಾಬರಿಯಾಗುತ್ತದೆ. ಐಸ್‌ಕ್ರೀಮ್ ಕೊಡಿ, ಆದರೆ ಮಲಗುವ ಮುನ್ನ ಬೇಡ. ಕೊಬ್ಬು ಹೆಚ್ಚಿರುವುದರಿಂದ ಅದು ಹೊಟ್ಟೆಯಲ್ಲಿ ಬಹಳ ಹೊತ್ತು ಉಳಿಯುತ್ತದೆ.

ಊಟಕ್ಕೆ ಮೆತ್ತಗಿನ ಅನ್ನ-ತವ್ವೆ, ಜೋಳದ ನುಚ್ಚು, ಹಾಲಿನಲ್ಲಿ ನೆನೆಸಿದ ಬಿಸಿ ರೊಟ್ಟಿ, ಖಾರವಿಲ್ಲದ ಉಪ್ಪಿಟ್ಟು ಇಂಥವು ಸಾಕು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಚುರುಮುರಿ, ಮಿರ್ಚಿ ಭಜಿ, ಸವಣೂರು ಖಾರ ಎರಡು ವಾರ ಮನೆಯಲ್ಲಿ ಅವನ ಕಣ್ಣಿಗೆ ಬೀಳದಂತಿರಲಿ. ರಾತ್ರಿಯ ಊಟ ಮಲಗುವುದಕ್ಕೆ ಎರಡು ಗಂಟೆ ಮೊದಲು ಮುಗಿಯಲಿ, ತಲೆದೆಸೆಯನ್ನು ತುಸು ಎತ್ತರಿಸಿ. ಗಂಟಲಿನ ಬಿಳಿ ಪೊರೆಯನ್ನು ಬೆರಳಿನಿಂದ ಒರೆಸುವುದು, ಕಿರುನಾಲಿಗೆ ಇಳಿದಿದೆಯೆಂದು ಯಾರಿಂದಲಾದರೂ ಎತ್ತಿಸುವುದು, ಅರಿಸಿನ-ಜೇನು ಹಚ್ಚಿ ತಿಕ್ಕುವುದು ಯಾವುದೂ ಬೇಡ. ಕಿವಿನೋವು ಬಂದರೆ ಹೆದರಬೇಡಿ, ಗಂಟಲಿನ ಮತ್ತು ಕಿವಿಯ ನರ ಒಂದೇ ಆಗಿರುವುದರಿಂದ ಹಾಗಾಗುತ್ತದೆ. ಮಾತು ಕೆಲ ದಿನ ಮೂಗಿನಿಂದ ಬಂದಂತಿದ್ದು ತಾನಾಗಿ ಸರಿಹೋಗುತ್ತದೆ. ಬಾವಿನಿಂದಾಗಿ ಗೊರಕೆಯೂ ಒಂದೆರಡು ವಾರ ಇರಬಹುದು. ಆದರೆ ಉಸಿರೆಳೆಯುವಾಗ ಎದೆಯ ಗೂಡು ಒಳಗೆ ಹೋಗುತ್ತಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಂತೆ ಮಂಪರಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಎಂಟು ಗಂಟೆ ಮೂತ್ರ ಮಾಡದಿದ್ದರೆ, ಅತ್ತಾಗ ಕಣ್ಣೀರು ಬಾರದಿದ್ದರೆ, ಬೇಕಾದ ದ್ರವದ ಅರ್ಧದಷ್ಟೂ ಹೊಟ್ಟೆಗೆ ಹೋಗದಿದ್ದರೆ ಸಲೈನ್ ಬೇಕಾಗಬಹುದು, ವೈದ್ಯರನ್ನು ಕಾಣಿರಿ.

ರಕ್ತ ಬಂದರೆ ಏನು ಮಾಡಬೇಕೆಂಬುದನ್ನು ಈಗಲೇ ಮನೆಯವರೆಲ್ಲ ತಿಳಿದಿರಲಿ. ಚಿಕ್ಕ ಮಕ್ಕಳು ರಕ್ತವನ್ನು ಉಗುಳುವುದಿಲ್ಲ, ನುಂಗುತ್ತಾರೆ. ಆದ್ದರಿಂದ ನಿದ್ದೆಯಲ್ಲಿ ಮೇಲಿಂದ ಮೇಲೆ ಗುಟುಕರಿಸುತ್ತಿದ್ದರೆ ಎಬ್ಬಿಸಿ ಬ್ಯಾಟರಿ ಹಾಕಿ ಬಾಯೊಳಗೆ ನೋಡಿ. ಕೆಂಪು ರಕ್ತ ಕಂಡರೆ ಮಗುವನ್ನು ಕೂರಿಸಿ ಮುಂದಕ್ಕೆ ಬಾಗಿಸಿ, ಮಲಗಲೇಬೇಕಾದರೆ ಒಂದು ಮಗ್ಗುಲಿಗೆ ಮಲಗಿಸಿ, ಬಟ್ಟಲಲ್ಲಿ ಉಗುಳಿಸಿ. ಆಗ ಐಸ್ ನೀರನ್ನಾಗಲಿ ಇನ್ನೇನನ್ನಾಗಲಿ ಹೊಟ್ಟೆಗೆ ಕೊಡಬೇಡಿ. ಮತ್ತೆ ಅರಿವಳಿಕೆ ಕೊಟ್ಟು ರಕ್ತ ನಿಲ್ಲಿಸಬೇಕಾಗಿ ಬಂದರೆ, ನುಂಗಿದ ರಕ್ತದಿಂದ ಹೊಟ್ಟೆ ಆಗಲೇ ತುಂಬಿರುತ್ತದೆ, ಆಮ್ಲ ಮೇಲೇರುವ ಅಭ್ಯಾಸವಿರುವ ಮಗುವಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಆಮ್ಲ ಮತ್ತು ರಕ್ತ ಎರಡೂ ನಿಜವಾಗಿ ಒಂದೆಡೆ ಸೇರುವುದು ಇಲ್ಲಿಯೇ. ರಕ್ತ ತಾನಾಗಿ ನಿಂತರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಮೊದಲು ಸ್ವಲ್ಪ ಬಂದು ನಿಂತು ಕೆಲವು ಗಂಟೆಗಳ ಮೇಲೆ ಹೆಚ್ಚಾಗಿ ಬರುವುದುಂಟು.

ನರಗುಂದದಿಂದ ಹುಬ್ಬಳ್ಳಿ ಸುಮಾರು 55 ಕಿ.ಮೀ. ದೂರ, ರಾತ್ರಿ ವಾಹನ ಹುಡುಕುವ ಹೊತ್ತನ್ನೂ ಸೇರಿಸಿದರೆ ಅದು ಚಿಕ್ಕ ದಾರಿಯಲ್ಲ. ರಾತ್ರಿ ಕಿವಿ-ಮೂಗು-ಗಂಟಲು ತಜ್ಞರೂ ಅರಿವಳಿಕೆ ತಜ್ಞರೂ ಇಬ್ಬರೂ ಸಿಗುವ ಜಾಗ ಯಾವುದೆಂದು, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯಿಂದಲೇ ಮುಂಚಿತವಾಗಿ ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿ ರಾತ್ರಿ ವ್ಯವಸ್ಥೆ ಇಲ್ಲವೆಂದರೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಾದ, ಈಗ ಕೆಎಂಸಿಆರ್‌ಐ ಎಂದು ಹೆಸರಾಗಿರುವ ಕಿಮ್ಸ್‌ನ ತುರ್ತು ವಿಭಾಗ ಅಥವಾ ಗದಗಿನ ಸರ್ಕಾರಿ ಆಸ್ಪತ್ರೆ ಜಿಮ್ಸ್ ಎಂದು ಗೊತ್ತುಮಾಡಿಕೊಳ್ಳಿ. ರಕ್ತ ಧಾರೆಯಾಗಿ ಬರುತ್ತಿದ್ದರೆ 108ಕ್ಕೆ ಕರೆ ಮಾಡಿ, ದಾರಿಯಲ್ಲಿ ಸಿಗುವ ತಾಲ್ಲೂಕು ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಮುಂದೆ ಸಾಗುವುದು ಸುರಕ್ಷಿತ. ಸಾಧ್ಯವಾದರೆ ಐದರಿಂದ ಹತ್ತನೆಯ ದಿನದವರೆಗೆ ಹುಬ್ಬಳ್ಳಿಯಲ್ಲೇ ಬಂಧುಗಳ ಮನೆಯಲ್ಲಿ ಉಳಿಯಿರಿ. ಶಸ್ತ್ರಚಿಕಿತ್ಸೆಯ ನಂತರದ ಎರಡು ವಾರ ಜಾತ್ರೆ, ಮದುವೆ, ದೂರದ ದೇವಸ್ಥಾನ ಯಾವುದಕ್ಕೂ ಮಗುವನ್ನು ಕರೆದೊಯ್ಯಬೇಡಿ.

ದಿನಾಂಕದ ಹಿಂದಿನ ಎರಡು ವಾರದಲ್ಲಿ ಅವನಿಗೆ ನೆಗಡಿ, ಕೆಮ್ಮು ಅಥವಾ ಜ್ವರ ಬಂದರೆ ಫೋನ್ ಮಾಡಿ ತಿಳಿಸಿ. ಆಗ ಮುಂದೂಡುವುದಕ್ಕೆ ಸರಿಯಾದ ಕಾರಣವಿದೆ. ಶಸ್ತ್ರಚಿಕಿತ್ಸೆಯಾದ ಆರೆಂಟು ವಾರಗಳ ಮೇಲೆ ಅವನು ಮಲಗಿದ ಇನ್ನೊಂದು ವೀಡಿಯೊ ತೆಗೆದು ಮೊದಲಿನದರೊಂದಿಗೆ ಹೋಲಿಸಿ ತೋರಿಸಿ. ಗೊರಕೆ ನಿಂತಿದ್ದು ಕಕ್ಕುವುದೂ ಕಡಿಮೆಯಾಗಿದ್ದರೆ ಒಮೆಪ್ರಜೋಲ್ ನಿಲ್ಲಿಸಿ ನೋಡಬಹುದೇ ಎಂದು ಮಕ್ಕಳ ತಜ್ಞರನ್ನು ಕೇಳಿ. ಮಗಳ ಹುಳಿತೇಗಿಗೂ ಅದೇ ದಿನ ಅವರಿಂದ ತಪಾಸಣೆ ಮಾಡಿಸಬಹುದು.